ನಗೆಪಾಟಲಾದ ಚಕ್ರವರ್ತಿ

ರೋಮಿನ ಚಕ್ರವರ್ತಿಗಳಲ್ಲಿ ಆಗಸ್ಟಸ್ಸನನ್ನು ಲೋಕ ಗೌರವದಿಂದ ನೆನೆಯುತ್ತದೆ. ನೀರೋನನ್ನು ಹೇಸಿಗೆಯಿಂದ ನೆನೆಯುತ್ತದೆ. ಇವರಿಬ್ಬರ ನಡುವೆ ಆಳಿದ ಕ್ಲಾಡಿಯಸ್ಸನನ್ನು ನೆನೆದರೆ ಬರುವುದು ನಗೆ. ಕುಂಟ, ಉಗ್ಗ, ಮರೆಗುಳಿ, ಹೆಂಡಿರ ಕೈಗೊಂಬೆ—ಹೀಗೆಂದು ಅವನ ಚಿತ್ರ ಬಿಡಿಸಿದವರು ಸೆನೆಕ, ಟ್ಯಾಸಿಟಸ್, ಸ್ಯೂಟೋನಿಯಸ್ಸರಂಥ ಸಮರ್ಥ ಲೇಖಕರು. ಅಂಥವರ ಲೇಖನಿಯ ಪೆಟ್ಟು ತಿಂದವನು ಮತ್ತೆ ತಲೆಯೆತ್ತುವುದು ಕಷ್ಟ. ಆದರೂ ಒಂದು ಕಂಚಿನ ಫಲಕ, ಒಂದು ಗೋರಿಯ ಗೋಡೆ ಅವನ ಪರವಾಗಿ ಸಾಕ್ಷಿ ಹೇಳಲು ಉಳಿದುಕೊಂಡಿವೆ. ಅವುಗಳ ಮಾತನ್ನು ಕೇಳದೆ ತೀರ್ಪು ಕೊಡುವುದು ನ್ಯಾಯವಲ್ಲವೆಂದು ನನಗೆ ತೋರುತ್ತದೆ.

ಕ್ಲಾಡಿಯಸ್ ಹುಟ್ಟಿದ್ದು ಕ್ರಿ. ಪೂ. ೧೦ರಲ್ಲಿ, ಗಾಲ್ ದೇಶದ ಲುಗ್ಡುನಮ್ ಪಟ್ಟಣದಲ್ಲಿ. ಇಂದಿನ ಫ್ರಾನ್ಸಿನ ಲಿಯೋನ್ ನಗರವೇ ಅದು. ಮರುವರ್ಷವೇ ತಂದೆ ತೀರಿಕೊಂಡ. ಯಾರನ್ನಾದರೂ ಪೆದ್ದರೆಂದು ಜರೆಯಬೇಕಾದಾಗ ತಾಯಿ ಅಂಟೋನಿಯ ತನ್ನ ಮಗನನ್ನೇ ಹೋಲಿಕೆಗೆ ತರುತ್ತಿದ್ದಳಂತೆ. ಈ ಹುಡುಗನನ್ನು ನಾಲ್ಕು ಜನರೆದುರು ನಿಲ್ಲಿಸಲು ನಾಚಿದ ಮನೆತನದವರು ಅವನನ್ನು ಮೂಲೆಗೆ ತಳ್ಳಿದರು. ಮೂಲೆಯಲ್ಲಿ ಅವನಿಗೆ ಸಿಕ್ಕಿದ್ದು ಪುಸ್ತಕ. ಇತಿಹಾಸಕಾರ ಲಿವಿಯ ಪ್ರೋತ್ಸಾಹದಿಂದ ಬರೆಯತೊಡಗಿದ ಅವನು, ರೋಮನರಿಗಿಂತ ಮೊದಲು ಇಟಲಿಯಲ್ಲಿ ಪ್ರಬಲರಾಗಿದ್ದ ಎಟ್ರುಸ್ಕನ್ನರ ಚರಿತ್ರೆಯನ್ನು ೨೦ ಸಂಪುಟಗಳಲ್ಲಿಯೂ, ಕಾರ್ತೇಜಿನ ಚರಿತ್ರೆಯನ್ನು ೮ ಸಂಪುಟಗಳಲ್ಲಿಯೂ ಗ್ರೀಕ್ ಭಾಷೆಯಲ್ಲಿ ರಚಿಸಿದ.

ಕ್ರಿ. ಶ. ೪೧ರ ಜನವರಿಯಲ್ಲಿ ಅವನ ಅಣ್ಣನ ಮಗ ಕ್ಯಾಲಿಗುಲನ ಕೊಲೆಯಾಯಿತು. ಪರದೆಯ ಹಿಂದೆ ಅವಿತು ನಡುಗುತ್ತಿದ್ದ ನಲವತ್ತೊಂಬತ್ತು ವರ್ಷದ ಕ್ಲಾಡಿಯಸ್ಸನನ್ನು ಕಾವಲು ಪಡೆಯ ಸೈನಿಕನೊಬ್ಬ ಹೊರಗೆಳೆದು, ಚಕ್ರವರ್ತಿಯೆಂದು ನಮಸ್ಕರಿಸಿದನಂತೆ. ಆ ಪಡೆಯ ಪ್ರತಿಯೊಬ್ಬನಿಗೂ ೧೫,೦೦೦ ಸೆಸ್ಟರ್ಸ್ ನಾಣ್ಯಗಳ ಇನಾಮು ಸಂದಿತು. ಹೀಗೆ ಪಟ್ಟಕ್ಕೆ ಬಂದವನು ಹದಿಮೂರು ವರ್ಷ ಆಳಿದ. ೪೩ರಲ್ಲಿ ಬ್ರಿಟನ್ ಮೇಲೆ ದಂಡೆತ್ತಿ ಅದನ್ನು ಸಾಮ್ರಾಜ್ಯಕ್ಕೆ ಸೇರಿಸಿದ. ರೋಮಿಗೆ ಧಾನ್ಯ ತರುವ ಹಡಗುಗಳಿಗಾಗಿ ಆಸ್ಟಿಯದ ಬಳಿ ಬಂದರು ಕಟ್ಟಿಸತೊಡಗಿದ. ಕ್ಯಾಲಿಗುಲ ಅರ್ಧಕ್ಕೆ ಬಿಟ್ಟಿದ್ದ ಮೇಲ್ಗಾಲುವೆಯನ್ನು ಮುಗಿಸಿ ೫೨ರಲ್ಲಿ ಊರಿಗೆ ನೀರು ತಂದ. ಕಾಯಿಲೆ ಬಿದ್ದ ಗುಲಾಮರನ್ನು ಒಡೆಯರು ಟೈಬರ್ ನದಿಯ ದ್ವೀಪದಲ್ಲಿ ತೊರೆದು ಬರುವ ರೂಢಿಯಿತ್ತು. ಹಾಗೆ ತೊರೆದವರು ಬದುಕಿದರೆ ಸ್ವತಂತ್ರರು, ಅವರನ್ನು ಕೊಂದರೆ ಅದು ಕೊಲೆಯೇ ಎಂದು ಆಜ್ಞೆ ಹೊರಡಿಸಿದ.

ಅವನು ಸಾಧುವಲ್ಲ. ಅವನ ಆಳ್ವಿಕೆಯಲ್ಲಿ ೩೫ ಮಂದಿ ಸೆನೆಟ್ ಸದಸ್ಯರೂ ೩೦೦ಕ್ಕೂ ಮಿಕ್ಕ ಕುಲೀನರೂ ಮರಣದಂಡನೆಗೆ ಗುರಿಯಾದರೆಂದು ಸ್ಯೂಟೋನಿಯಸ್ ಲೆಕ್ಕ ಕೊಡುತ್ತಾನೆ. ಒಮ್ಮೆ ಹೆದರಿಸಲ್ಪಟ್ಟವನು ಅಧಿಕಾರ ಬಂದ ಮೇಲೂ ಹೆದರುತ್ತಲೇ ಇರುತ್ತಾನೆ. ಹೆದರಿದ ಅರಸನ ಕೈ ಬೇಗ ಕತ್ತಿಗೆ ಹೋಗುತ್ತದೆ.

ಇನ್ನು ಆ ಕಂಚಿನ ಫಲಕದ ಮಾತು. ೪೮ರಲ್ಲಿ ಗಾಲ್ ದೇಶದ ಮುಖಂಡರು ತಮಗೂ ಸೆನೆಟ್ಟಿನಲ್ಲಿ ಸ್ಥಾನ ಬೇಕೆಂದು ಕೇಳಿದರು. ನಿನ್ನೆ ಸೋತವರು ಇಂದು ಸರಿಸಮ ಕೂರುವುದೇ ಎಂದು ರೋಮಿನ ಹಳೆಯ ಮನೆತನಗಳು ಸಿಡಿಮಿಡಿಗೊಂಡವು. ಕ್ಲಾಡಿಯಸ್ ಗಾಲರ ಪರ ನಿಂತ. ಆ ಭಾಷಣವನ್ನು ಗಾಲರು ಕಂಚಿನಲ್ಲಿ ಕೆತ್ತಿಸಿದರು. ೧೫೨೮ರಲ್ಲಿ ಆ ಫಲಕ ಅವನು ಹುಟ್ಟಿದ ಊರಿನಲ್ಲೇ ದೊರೆಯಿತು. ಇದೇ ಭಾಷಣವನ್ನು ಟ್ಯಾಸಿಟಸ್ ತನ್ನ ಇತಿಹಾಸದಲ್ಲಿ ಒಪ್ಪಮಾಡಿ ಬರೆದಿದ್ದಾನೆ. ಕಂಚಿನಲ್ಲಿ ಮಾತ್ರ ಮಾತು ಹೇಗಿತ್ತೋ ಹಾಗೆಯೇ ಇದೆ: ವಿಷಯ ಬಿಟ್ಟು ಅಡ್ಡದಾರಿ ಹಿಡಿಯುವುದು, ನಡುವೆ ತನ್ನನ್ನು ತಾನೇ ಹೆಸರು ಹಿಡಿದು ಎಚ್ಚರಿಸಿಕೊಳ್ಳುವುದು. ಪಾಠ ಹೇಳುವ ನನ್ನಂಥವರಿಗೆ ಈ ಚಾಳಿಯ ಪರಿಚಯವಿಲ್ಲದಿಲ್ಲ.

ಆದರೆ ಆ ಅಡ್ಡದಾರಿಯಲ್ಲೇ ಬೆಲೆಯುಳ್ಳ ವಸ್ತು ಸಿಕ್ಕಿದೆ. ರೋಮಿನ ಆದಿಯ ಅರಸರೇ ಹೊರಗಿನಿಂದ ಬಂದವರು ಎಂಬುದು ಅವನ ವಾದ. ನೂಮ ಸಬೈನ್ ಜನಾಂಗದವನು, ಟಾರ್ಕ್ವಿನನ ತಂದೆ ಕೊರಿಂಥಿನ ಗ್ರೀಕ. ಸರ್ವಿಯಸ್ ಟುಲ್ಲಿಯಸ್ಸನನ್ನು ರೋಮನರು ದಾಸಿಯ ಮಗನೆಂದರೆ, ಎಟ್ರುಸ್ಕನ್ನರು ಅವನನ್ನು ಕೇಲಿಯಸ್ ವಿಬೆನ್ನನ ಸಂಗಾತಿ ಮಸ್ಟಾರ್ನ ಎನ್ನುತ್ತಾರೆ ಎಂದು ಕ್ಲಾಡಿಯಸ್ ತಿಳಿಸಿದ. ಟ್ಯಾಸಿಟಸ್ಸನ ಪಾಠದಲ್ಲಿ ಈ ಹೆಸರು ಇಲ್ಲವೇ ಇಲ್ಲ. ೧೮೫೭ರಲ್ಲಿ ಇಟಲಿಯ ವುಲ್ಚಿ ಎಂಬಲ್ಲಿ ಒಂದು ಎಟ್ರುಸ್ಕನ್ ಗೋರಿ ಬಯಲಾಯಿತು. ಕ್ಲಾಡಿಯಸ್ಸನಿಗಿಂತ ಸುಮಾರು ಮುನ್ನೂರು ವರ್ಷ ಹಿಂದಿನ ಅದರ ಗೋಡೆಯ ಮೇಲೆ, ಸೆರೆಯಾಳು ವಿಬೆನ್ನನ ಕಟ್ಟು ಬಿಚ್ಚುತ್ತಿರುವ ವೀರನೊಬ್ಬನ ಚಿತ್ರವಿದೆ. ಪಕ್ಕದಲ್ಲಿ ಎಟ್ರುಸ್ಕನ್ ಲಿಪಿಯಲ್ಲಿ ಅವನ ಹೆಸರು—ಮಸ್ಟಾರ್ನ. ಚಕ್ರವರ್ತಿಯ ಮಾತು ಕಟ್ಟುಕತೆಯಲ್ಲ, ಆ ಜನರ ನೆನಪಿನಿಂದಲೇ ಆಯ್ದದ್ದು ಎಂಬುದಕ್ಕೆ ಬೇರೆ ಪುರಾವೆ ಬೇಕೆ?

ಭಾಷೆಯ ಮೇಷ್ಟ್ರಾದ ನನಗೆ ಅವನ ಮತ್ತೊಂದು ಹುಚ್ಚು ಇನ್ನೂ ಪ್ರಿಯ. ಲ್ಯಾಟಿನ್ನಿನಲ್ಲಿ ಉ ಸ್ವರಕ್ಕೂ ವ ವ್ಯಂಜನಕ್ಕೂ ಒಂದೇ ಅಕ್ಷರವಿತ್ತು. ಈ ಗೊಂದಲ ನೀಗಲೆಂದು ವಕಾರಕ್ಕೆ ಬೇರೆ ಅಕ್ಷರ ಮಾಡಿದ. ಇನ್ನೆರಡು ಧ್ವನಿಗಳಿಗೂ ಅಕ್ಷರ ಕೊಟ್ಟ. ಅವನ ಕಾಲದ ಶಾಸನಗಳಲ್ಲಿ ಇವು ಕಾಣುತ್ತವೆ. ಅವನು ಸತ್ತೊಡನೆ ಮಾಯವಾದವು. ನಮ್ಮ ಱ, ೞ ಅಕ್ಷರಗಳು ಯಾವ ಅರಸನನ್ನೂ ಕೇಳದೆ ಬಳಕೆ ತಪ್ಪಿದವು. ರೋಮಿನಲ್ಲಿ ಅರಸನ ಅಪ್ಪಣೆಯಿದ್ದೂ ಹೊಸ ಅಕ್ಷರಗಳು ನಿಲ್ಲಲಿಲ್ಲ. ಆದರೂ ಅವನ ಯೋಚನೆ ಸರಿಯಾಗಿತ್ತು. ಸುಮಾರು ಸಾವಿರದೈನೂರು ವರ್ಷಗಳ ಮೇಲೆ ಯೂರೋಪಿನ ಮುದ್ರಕರು ಆ ಎರಡು ಧ್ವನಿಗಳನ್ನು ಬೇರೆ ಬೇರೆ ಅಕ್ಷರಗಳಲ್ಲಿ ಅಚ್ಚು ಹಾಕತೊಡಗಿದರು.

೫೪ರ ಅಕ್ಟೋಬರಿನಲ್ಲಿ ಕ್ಲಾಡಿಯಸ್ ತೀರಿಕೊಂಡ. ಹೆಂಡತಿ ಅಗ್ರಿಪ್ಪಿನ ಅಣಬೆಯಲ್ಲಿ ವಿಷವಿಕ್ಕಿದಳೆಂದು ಪ್ರತೀತಿ. ಪಟ್ಟಕ್ಕೆ ಬಂದ ಅವಳ ಮಗ ನೀರೋ ಉತ್ತರಕ್ರಿಯೆಯ ಭಾಷಣದಲ್ಲಿ ಸತ್ತವನ ದೂರದೃಷ್ಟಿ, ವಿವೇಕಗಳನ್ನು ಹೊಗಳಿದಾಗ ನೆರೆದವರು ನಗು ತಡೆಯಲಾರದೆ ಹೋದರಂತೆ. ಆ ಭಾಷಣ ಬರೆದುಕೊಟ್ಟವನು ಸೆನೆಕ. ಕ್ಲಾಡಿಯಸ್ಸನ ಕಾಲದಲ್ಲಿ ಗಡೀಪಾರಾಗಿ ಎಂಟು ವರ್ಷ ಕಾರ್ಸಿಕ ದ್ವೀಪದಲ್ಲಿ ನವೆದವನು ಅವನು. ಸತ್ತ ಚಕ್ರವರ್ತಿ ದೇವರಾಗುವ ಬದಲು ಸೋರೆಕಾಯಿಯಾದ ಎಂಬರ್ಥದ ಹೆಸರುಳ್ಳ ವಿಡಂಬನೆಯೂ ಅವನದೇ ಎನ್ನುತ್ತಾರೆ.

ನಕ್ಕವರು ಸುಳ್ಳುಗಾರರಲ್ಲ, ಅವನು ಕುಂಟುತ್ತಿದ್ದುದೂ ಉಗ್ಗುತ್ತಿದ್ದುದೂ ನಿಜ. ಅವರು ಅವನು ಮಾತಾಡುವ ರೀತಿಯನ್ನು ಗಮನಿಸಿದರು, ಹೇಳಿದ್ದನ್ನು ಕೇಳಿಸಿಕೊಳ್ಳಲಿಲ್ಲ. ಹೊರಗಿನವರಿಗೆ ಬಾಗಿಲು ತೆರೆದೇ ರೋಮ್ ಬೆಳೆದದ್ದು ಎಂದು ಅವನು ಉಗ್ಗುತ್ತ ವಾದಿಸಿ ಐವತ್ತು ವರ್ಷ ಕಳೆಯುವಷ್ಟರಲ್ಲಿ, ೯೮ರಲ್ಲಿ, ಸ್ಪೇನಿನಲ್ಲಿ ಹುಟ್ಟಿದ ಟ್ರೇಜನ್ ರೋಮಿನ ಚಕ್ರವರ್ತಿಯಾದ. ೨೧೨ರಲ್ಲಿ ಸಾಮ್ರಾಜ್ಯದ ಸ್ವತಂತ್ರ ಪ್ರಜೆಗಳಿಗೆಲ್ಲ ಪೌರತ್ವ ದೊರೆಯಿತು. ಕ್ಲಾಡಿಯಸ್ ಬರೆದ ಇಪ್ಪತ್ತೆಂಟು ಸಂಪುಟಗಳಲ್ಲಿ ಒಂದೂ ನಮಗೆ ಉಳಿದಿಲ್ಲ. ಉಳಿದಿರುವುದು ಸೆನೆಟ್ಟಿನಲ್ಲಿ ಅವನು ದಾರಿ ತಪ್ಪಿ ಆಡಿದ ಆ ನಾಲ್ಕು ಮಾತು. ಗಾಲರು ಅದನ್ನು ಕಂಚಿನಲ್ಲಿ ಕಾಪಾಡಿಕೊಂಡರು.