ಡಿಸ್ಚಾರ್ಜ್ ಆಗುವ ಮುನ್ನ ಒಂದೇ ಔಷಧಿ ಪಟ್ಟಿ ಕೇಳಿ

ಮಧುಮೇಹ, ಹೃದ್ರೋಗ, ಮೂತ್ರಪಿಂಡದ ತೊಂದರೆ ಮೂರೂ ಇದ್ದರೆ ಮೂವರು ತಜ್ಞರು ಔಷಧಿ ಬರೆಯುತ್ತಾರೆ. ಒಬ್ಬರು ಬರೆದದ್ದು ಇನ್ನೊಬ್ಬರಿಗೆ ತಿಳಿಯದಿದ್ದರೆ ಅಪಾಯ ನಿಮಗೆ. ಉದಾಹರಣೆಗೆ, ಟೆಲ್ಮಾ ಮತ್ತು ಟೆಲ್ಮಿಕೈಂಡ್ ಹೆಸರು ಬೇರೆಯಾದರೂ ಎರಡರಲ್ಲೂ ಇರುವುದು ಟೆಲ್ಮಿಸಾರ್ಟಾನ್. ಆಸ್ಪತ್ರೆಯಲ್ಲಿ ಕೊಟ್ಟದ್ದರ ಜೊತೆ ಮನೆಯಲ್ಲಿರುವುದನ್ನೂ ನುಂಗಿದರೆ ಡೋಸ್ ಇಮ್ಮಡಿಯಾಗುತ್ತದೆ. ರಕ್ತದೊತ್ತಡ ಕುಸಿಯಬಹುದು, ಪೊಟ್ಯಾಸಿಯಂ ಏರಬಹುದು.

ದಾಖಲಾಗುವಾಗ ಆಯುರ್ವೇದ ಮತ್ತು ನೋವಿನ ಮಾತ್ರೆ ಸೇರಿ ಎಲ್ಲ ಔಷಧಿಗಳನ್ನೂ ಒಯ್ಯಿರಿ. ಡಿಸ್ಚಾರ್ಜ್ ದಿನ ಕೇಳಿ:

• ಹಳೆಯದರಲ್ಲಿ ಯಾವುದು ಮುಂದುವರಿಯಬೇಕು, ಯಾವುದು ನಿಲ್ಲಬೇಕು?
• ಹೊಸದು ಯಾವುದು, ಎಷ್ಟು ದಿನ?
• ತೊಂದರೆಯಾದರೆ ಯಾರಿಗೆ ಫೋನ್ ಮಾಡಬೇಕು?

ಉತ್ತರಗಳನ್ನು ಜೆನೆರಿಕ್ ಹೆಸರಿನೊಂದಿಗೆ ಒಂದೇ ಪಟ್ಟಿಯಲ್ಲಿ ಬರೆಸಿಕೊಳ್ಳಿ. ಪ್ರತಿ ವೈದ್ಯರಿಗೂ ಅದನ್ನೇ ತೋರಿಸಿ. ಕೇಳದೆ ಯಾವ ಮಾತ್ರೆಯನ್ನೂ ನೀವಾಗಿ ನಿಲ್ಲಿಸಬೇಡಿ.