ಬಂದೂಕು ಪೆಟ್ಟಿಗೆಯಲ್ಲಿ ತೇವಾಂಶ ನಿಯಂತ್ರಣ

ಬಂದೂಕು ಪೆಟ್ಟಿಗೆಯಲ್ಲಿ ತೇವಾಂಶ ನಿಯಂತ್ರಣ ಎಂದರೆ ಪರವಾನಗಿ ಪಡೆದ ಬಂದೂಕುಗಳನ್ನು ಮನೆಯಲ್ಲಿ ಬೀಗ ಹಾಕಿ ಇರಿಸುವ ಉಕ್ಕಿನ ಕಪಾಟು ಅಥವಾ ತಿಜೋರಿಯೊಳಗಿನ ಗಾಳಿಯ ತೇವವನ್ನು ಲೋಹಕ್ಕೆ ತುಕ್ಕು ಹಿಡಿಯದ ಮತ್ತು ಮರಕ್ಕೆ ಹಾನಿಯಾಗದ ಮಟ್ಟದಲ್ಲಿ ಕಾಯ್ದುಕೊಳ್ಳುವ ಕ್ರಮ. ಸಾಮಾನ್ಯವಾಗಿ ಶೇ. 40ರಿಂದ 50ರ ಸಾಪೇಕ್ಷ ಆರ್ದ್ರತೆಯನ್ನು ಸೂಕ್ತವೆಂದು ಪರಿಗಣಿಸಲಾಗುತ್ತದೆ. ಮುಚ್ಚಿದ ಪೆಟ್ಟಿಗೆ ತಾನಾಗಿಯೇ ಒಣಗಿರುತ್ತದೆ ಎಂಬುದು ತಪ್ಪು ಕಲ್ಪನೆ. ಬಾಗಿಲು ಮುಚ್ಚುವಾಗ ಒಳಗೆ ಎಷ್ಟು ತೇವವಿತ್ತೋ ಅಷ್ಟನ್ನೂ ಪೆಟ್ಟಿಗೆ ಕಾಪಾಡಿಕೊಳ್ಳುತ್ತದೆ. ಬಾಗಿಲಿನ ಸಂದಿಯಿಂದ ಹೊರಗಿನ ತೇವವೂ ನಿಧಾನವಾಗಿ ಒಳಸೇರುತ್ತದೆ.

ತುಕ್ಕು ಕೇವಲ ಅಂದದ ಪ್ರಶ್ನೆಯಲ್ಲ. ನಳಿಗೆಯ ಒಳಮೈಯಲ್ಲಿ ತುಕ್ಕು ಕೊರೆದ ಗುಳಿಗಳು ಉಜ್ಜಿದರೆ ಹೋಗುವುದಿಲ್ಲ. ಗೋಡೆ ತೆಳುವಾದ ನಳಿಗೆ ಹಾರಿಸುವಾಗ ಒಡೆದು ಬಳಕೆದಾರನಿಗೂ ಸಮೀಪದಲ್ಲಿರುವವರಿಗೂ ಗಾಯವಾಗಬಹುದು. ಕುದುರೆ, ಸ್ಪ್ರಿಂಗು ಮತ್ತು ಸುರಕ್ಷಾ ಕೀಲುಗಳಲ್ಲಿ ತುಕ್ಕು ಸೇರಿದರೆ ಬಂದೂಕು ಅನಿರೀಕ್ಷಿತವಾಗಿ ವರ್ತಿಸುತ್ತದೆ.

ತುಕ್ಕಿನ ಕಾರಣ

ಕಬ್ಬಿಣಕ್ಕೆ ತುಕ್ಕು ಹಿಡಿಯಲು ಆಮ್ಲಜನಕ ಮತ್ತು ನೀರು ಎರಡೂ ಬೇಕು. ಆದರೆ ಕಣ್ಣಿಗೆ ಕಾಣುವ ಹನಿಗಳೇ ಬೇಕೆಂದಿಲ್ಲ. ಸಾಪೇಕ್ಷ ಆರ್ದ್ರತೆ ಏರಿದಂತೆ ಲೋಹದ ಮೇಲೆ ನೀರಿನ ಅತಿ ತೆಳುವಾದ ಪೊರೆ ಕೂರುತ್ತದೆ. ಒಂದು ಮಿತಿಯನ್ನು ದಾಟಿದ ಮೇಲೆ ತುಕ್ಕಿನ ವೇಗ ಥಟ್ಟನೆ ಹೆಚ್ಚುತ್ತದೆ ಎಂಬುದನ್ನು 1930ರ ದಶಕದಲ್ಲಿ ಬ್ರಿಟನ್ನಿನ ರಸಾಯನಶಾಸ್ತ್ರಜ್ಞ ಡಬ್ಲ್ಯು. ಎಚ್. ಜೆ. ವರ್ನನ್ ಪ್ರಯೋಗಗಳಿಂದ ತೋರಿಸಿದರು. ಕಲುಷಿತ ಗಾಳಿಯಲ್ಲಿ ಈ ಮಿತಿ ಸುಮಾರು ಶೇ. 60ರಷ್ಟಿರುತ್ತದೆ. ಬೆರಳಚ್ಚಿನ ಬೆವರಿನಲ್ಲಿರುವ ಉಪ್ಪು ಗಾಳಿಯ ನೀರನ್ನು ಎಳೆದುಕೊಳ್ಳುವುದರಿಂದ, ಬರಿಗೈಯಲ್ಲಿ ಹಿಡಿದ ಜಾಗದಲ್ಲಿ ಬೆರಳಿನ ಆಕಾರದಲ್ಲಿಯೇ ತುಕ್ಕು ಮೂಡುವುದುಂಟು. ಕರಿಮದ್ದು ತುಂಬುವ ಹಳೆಯ ಕೋವಿಗಳಲ್ಲಿ ಉಳಿಯುವ ಮಸಿಯೂ ತೇವವನ್ನು ಹೀರುತ್ತದೆ. ಅಂತಹ ಕೋವಿಯನ್ನು ಬಿಸಿನೀರಿನಿಂದ ತೊಳೆದು ಒಣಗಿಸದೆ ಪೆಟ್ಟಿಗೆಯಲ್ಲಿಟ್ಟರೆ ಪೆಟ್ಟಿಗೆಯ ಗಾಳಿ ಎಷ್ಟೇ ಒಣಗಿದ್ದರೂ ಪ್ರಯೋಜನ ಕಡಿಮೆ.

ಇಬ್ಬನಿ ಬಿಂದುವಿನ ಪಾತ್ರವೂ ಮುಖ್ಯವಾದುದು. 30 ಡಿಗ್ರಿ ಸೆಲ್ಸಿಯಸ್ ತಾಪಮಾನ ಮತ್ತು ಶೇ. 60ರ ಆರ್ದ್ರತೆಯ ಗಾಳಿಯಲ್ಲಿರುವ ಆವಿಯು ಸುಮಾರು 21 ಡಿಗ್ರಿಯ ಉಕ್ಕನ್ನು ಮುಟ್ಟಿದಾಗ ಹನಿಗಟ್ಟುತ್ತದೆ. ರಾತ್ರಿ ತಣ್ಣಗಾದ ದಪ್ಪ ಉಕ್ಕು ಬೆಳಿಗ್ಗೆಯ ಗಾಳಿಯಷ್ಟು ಬೇಗ ಬಿಸಿಯಾಗುವುದಿಲ್ಲ. ಆ ಹೊತ್ತಿನಲ್ಲಿ ಬಾಗಿಲು ತೆರೆದರೆ ಒಳಗಿನ ನಳಿಗೆಗಳು ಬೆವರುತ್ತವೆ. ಹವಾನಿಯಂತ್ರಿತ ಕೋಣೆಯಿಂದ ಹೊರಗೆ ತಂದ ಬಂದೂಕಿನ ಮೇಲೆ ನೀರು ಕಟ್ಟುವುದಕ್ಕೂ ಇದೇ ಕಾರಣ.

ಪೆಟ್ಟಿಗೆಯೊಳಗಿನ ನೀರಿನ ಲೆಕ್ಕ

ಸುಮಾರು 150 ಸೆಂ.ಮೀ. ಎತ್ತರ, 60 ಸೆಂ.ಮೀ. ಅಗಲ, 55 ಸೆಂ.ಮೀ. ಆಳದ ಕಪಾಟಿನಲ್ಲಿ ಹೆಚ್ಚುಕಡಿಮೆ ಅರ್ಧ ಘನ ಮೀಟರ್ ಗಾಳಿ ಹಿಡಿಯುತ್ತದೆ. 25 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಗರಿಷ್ಠ 23 ಗ್ರಾಂ ನೀರಾವಿಯನ್ನು ಹೊರಬಲ್ಲದು. ಅಂದರೆ ಆರ್ದ್ರತೆ ಶೇ. 90ರಷ್ಟಿದ್ದರೂ ಇಡೀ ಕಪಾಟಿನ ಗಾಳಿಯಲ್ಲಿರುವುದು ಸುಮಾರು 10 ಗ್ರಾಂ ನೀರು ಮಾತ್ರ, ಅದನ್ನು ಶೇ. 50ಕ್ಕೆ ಇಳಿಸಲು 4ರಿಂದ 5 ಗ್ರಾಂ ತೆಗೆದರೆ ಸಾಕು. ಇಷ್ಟೊಂದು ಚಿಕ್ಕ ಪ್ರಮಾಣವಾದರೆ ಶೋಷಕಗಳು ಕೆಲವೇ ವಾರಗಳಲ್ಲಿ ತುಂಬಿಹೋಗುವುದೇಕೆ ಎಂಬ ಪ್ರಶ್ನೆ ಏಳುತ್ತದೆ. ಉತ್ತರ ಗಾಳಿಯಲ್ಲಿಲ್ಲ, ಗಾಳಿಯೊಡನೆ ಒಳಗಿರುವ ವಸ್ತುಗಳಲ್ಲಿದೆ. ಒಂದು ಕಿಲೋಗ್ರಾಂ ಒಣಮರದ ಹಿಡಿಯ ತೇವ ಶೇ. 12ರಿಂದ 18ಕ್ಕೆ ಏರಿದರೆ ಅದರಲ್ಲಿ 60 ಗ್ರಾಂ ನೀರು ಹೆಚ್ಚಾಗಿ ಸೇರಿರುತ್ತದೆ. ಇದು ಕಪಾಟಿನ ಇಡೀ ಗಾಳಿಯ ನೀರಿಗಿಂತ ಹಲವು ಪಟ್ಟು. ಒಳಗಿನ ಬಟ್ಟೆಯ ಹಾಸು, ರಟ್ಟಿನ ಡಬ್ಬಿಗಳು, ಚರ್ಮದ ಪಟ್ಟಿ ಮತ್ತು ಕಾಗದಪತ್ರಗಳೂ ಹೀಗೆಯೇ ನೀರಿನ ದಾಸ್ತಾನುಗಳು. ಆದ್ದರಿಂದ ಮಳೆಯಲ್ಲಿ ನೆನೆದ ಬಂದೂಕನ್ನು ಒಂದು ದಿನ ಹೊರಗೆ, ಕಣ್ಗಾವಲಿನಲ್ಲಿ ಒಣಗಿಸದೆ ಒಳಗಿಡುವುದು ಅತಿ ಸಾಮಾನ್ಯವೂ ಅತಿ ದುಬಾರಿಯೂ ಆದ ತಪ್ಪು. ಬಂದೂಕನ್ನು ಕ್ಯಾನ್ವಾಸ್ ಅಥವಾ ಚರ್ಮದ ಚೀಲದಲ್ಲಿಯೇ ಪೆಟ್ಟಿಗೆಯಲ್ಲಿಡುವುದೂ ಸಲ್ಲದು.

ಬೆಂಕಿನಿರೋಧಕ ತಿಜೋರಿಗಳಲ್ಲಿ ಇನ್ನೊಂದು ತೊಡಕಿದೆ. ಅವುಗಳ ಗೋಡೆಯಲ್ಲಿ ಬಳಸುವ ಜಿಪ್ಸಂ ಹಲಗೆಯ ತೂಕದಲ್ಲಿ ಸುಮಾರು ಐದನೇ ಒಂದು ಭಾಗ ರಾಸಾಯನಿಕವಾಗಿ ಬಂಧಿತವಾದ ನೀರು. ಬೆಂಕಿ ತಗುಲಿದಾಗ ಇದು ಉಗಿಯಾಗಿ ಹೊರಬಂದು ಒಳಭಾಗವನ್ನು ತಂಪಾಗಿಡುತ್ತದೆ. ಆದರೆ ಅದೇ ಉಗಿ ಒಳಗಿನ ಲೋಹವನ್ನು ತೋಯಿಸುತ್ತದೆ. ಬೆಂಕಿಯಿಂದ ಉಳಿದ ಬಂದೂಕುಗಳು ತೆರೆಯಲು ತಡವಾದ ಪೆಟ್ಟಿಗೆಯಲ್ಲಿ ತುಕ್ಕಿನಿಂದ ಹಾಳಾಗುವುದು ಹೀಗೆ.

ನಿಯಂತ್ರಣ ವಿಧಾನಗಳು

ಸಿಲಿಕಾ ಜೆಲ್ ಅತ್ಯಂತ ಬಳಕೆಯಲ್ಲಿರುವ ಶೋಷಕ. ಮಧ್ಯಮ ಆರ್ದ್ರತೆಯಲ್ಲಿ ಇದು ತನ್ನ ತೂಕದ ಸುಮಾರು ಐದನೇ ಒಂದು ಭಾಗ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಅರ್ಧ ಕಿಲೋಗ್ರಾಂ ಜೆಲ್ ಸುಮಾರು 100 ಗ್ರಾಂ ನೀರಿಗೆ ಸಾಕಾಗುತ್ತದೆ. ತುಂಬಿದ ಜೆಲ್ ಅನ್ನು ಸುಮಾರು 120 ಡಿಗ್ರಿಯಲ್ಲಿ ಕೆಲವು ಗಂಟೆ ಕಾಯಿಸಿ ಮತ್ತೆ ಬಳಸಬಹುದು. ತೇವ ಹೀರಿದಾಗ ನೀಲಿಯಿಂದ ಗುಲಾಬಿಗೆ ತಿರುಗುವ ಹರಳುಗಳಲ್ಲಿ ವಿಷಕಾರಿಯಾದ ಕೋಬಾಲ್ಟ್ ಕ್ಲೋರೈಡ್ ಇರುವುದರಿಂದ ಅಡುಗೆಯ ಒಲೆ, ಪಾತ್ರೆಗಳಲ್ಲಿ ಅವುಗಳನ್ನು ಕಾಯಿಸಬಾರದು.

ಕ್ಯಾಲ್ಸಿಯಂ ಕ್ಲೋರೈಡ್ ತುಂಬಿದ ಡಬ್ಬಿಗಳು ಹೆಚ್ಚು ನೀರನ್ನು ಎಳೆಯುತ್ತವೆ, ಅಗ್ಗವೂ ಹೌದು. ಆದರೆ ಹೀರಿದ ನೀರು ಉಪ್ಪಿನ ದ್ರಾವಣವಾಗಿ ಡಬ್ಬಿಯಲ್ಲಿ ಸಂಗ್ರಹವಾಗುತ್ತದೆ. ಅದು ಮಗುಚಿದರೆ ತುಕ್ಕನ್ನು ತಡೆಯಬೇಕಾದ ವಸ್ತುವೇ ತುಕ್ಕಿಗೆ ಕಾರಣವಾಗುತ್ತದೆ. ಬಟ್ಟೆಯ ಕಪಾಟಿಗೆ ಒಪ್ಪುವ ಈ ಡಬ್ಬಿಗಳು ಬಂದೂಕು ಪೆಟ್ಟಿಗೆಗೆ ಒಪ್ಪುವುದಿಲ್ಲ. ಸುಡುಸುಣ್ಣವೂ ತೇವವನ್ನು ಹೀರುತ್ತದೆ, ಆದರೆ ನೀರು ಸೋಕಿದಾಗ ಬಿಸಿಯಾಗುವ ಅದರ ಪುಡಿ ಕೀಲುಗಳಿಗೂ ಕಣ್ಣಿಗೂ ಅಪಾಯಕಾರಿ. ಅಕ್ಕಿಯ ಶೋಷಣ ಶಕ್ತಿ ಅತ್ಯಲ್ಪ. ಹುಳ ಮಾತ್ರ ಬೇಗ ಬರುತ್ತದೆ.

ವಿದ್ಯುತ್ ಬಿಸಿಕಡ್ಡಿ ಕಡಿಮೆ ವ್ಯಾಟ್‌ನಲ್ಲಿ ಸದಾ ಉರಿಯುವ ಸಾಧನ. ಇದು ನೀರನ್ನು ತೆಗೆಯುವುದಿಲ್ಲ. ಗಾಳಿಯನ್ನು ಬೆಚ್ಚಗೆ ಮಾಡಿ ಸಾಪೇಕ್ಷ ಆರ್ದ್ರತೆಯನ್ನು ಇಳಿಸುತ್ತದೆ. 25 ಡಿಗ್ರಿಯಲ್ಲಿ ಶೇ. 80ರ ಆರ್ದ್ರತೆಯಿರುವ ಗಾಳಿಯನ್ನು 30 ಡಿಗ್ರಿಗೆ ಏರಿಸಿದರೆ ಆರ್ದ್ರತೆ ಸುಮಾರು ಶೇ. 60ಕ್ಕೆ ಇಳಿಯುತ್ತದೆ. ಲೋಹವೂ ಬೆಚ್ಚಗಿರುವುದರಿಂದ ಹನಿಗಟ್ಟುವಿಕೆ ತಪ್ಪುತ್ತದೆ. ಕಡ್ಡಿಯನ್ನು ಪೆಟ್ಟಿಗೆಯ ತಳದಲ್ಲಿ ಕೂರಿಸಿ, ಮರದ ಹಿಡಿಗಳನ್ನು ದೂರವಿಡಬೇಕು. ತೋಟಾಗಳನ್ನು ಬೇರೆ ಬೀಗದ ಪೆಟ್ಟಿಗೆಯಲ್ಲಿಡುವುದು ಒಳ್ಳೆಯದು. ವಿದ್ಯುತ್ ಹೋದಾಗ ಕಡ್ಡಿ ನಿಷ್ಪ್ರಯೋಜಕವಾದ್ದರಿಂದ ಅದರೊಡನೆ ಸಿಲಿಕಾ ಜೆಲ್ ಇಡುವ ರೂಢಿಯಿದೆ.

ಇವೆಲ್ಲಕ್ಕೂ ಪೂರಕವಾದುದು ಎಣ್ಣೆಯ ತೆಳುಲೇಪ. ಲೋಹಕ್ಕೆ ಖನಿಜ ತೈಲವೇ ಸೂಕ್ತ. ಕೊಬ್ಬರಿ ಎಣ್ಣೆಯಂತಹ ಸಸ್ಯತೈಲಗಳು ಕಾಲಕ್ರಮದಲ್ಲಿ ಕೆಟ್ಟು ಜಿಗುಟಾಗಿ ಕೀಲುಗಳನ್ನು ಹಿಡಿಯುತ್ತವೆ. ಉತ್ತರ ಕರ್ನಾಟಕದಲ್ಲಿ ಸುಲಭವಾಗಿ ದೊರೆಯುವ ಅಗಸೆ ಎಣ್ಣೆ ಮರದ ಹಿಡಿಗೆ ಉತ್ತಮ ಲೇಪ, ಏಕೆಂದರೆ ಅದು ಒಣಗಿ ಪೊರೆಯಾಗುತ್ತದೆ. ಇದೇ ಕಾರಣಕ್ಕೆ ಲೋಹದ ಕೀಲುಗಳಿಗೆ ಅದು ನಿಷಿದ್ಧ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ಅದು ತಾನಾಗಿಯೇ ಹೊತ್ತಿಕೊಳ್ಳಬಲ್ಲದು, ಹರಡಿ ಒಣಗಿಸಬೇಕು. ನಳಿಗೆಯೊಳಗೆ ಸವರಿದ ಎಣ್ಣೆಯನ್ನು ಬಳಕೆಗೆ ಮೊದಲು ಪೂರ್ಣವಾಗಿ ಒರೆಸುವುದು ಕಡ್ಡಾಯ.

ಅಳತೆ

ಪೆಟ್ಟಿಗೆಯೊಳಗೆ ಆರ್ದ್ರತಾಮಾಪಕ ಇಲ್ಲದೆ ಮಾಡುವ ಯಾವ ವ್ಯವಸ್ಥೆಯೂ ಊಹೆಯ ಮೇಲೆ ನಿಂತಿರುತ್ತದೆ. ಅಗ್ಗದ ಮಾಪಕಗಳು ತಪ್ಪು ತೋರಿಸುವುದುಂಟು. ಪರೀಕ್ಷೆ ಸುಲಭ: ಬಾಟಲಿಯ ಮುಚ್ಚಳದಲ್ಲಿ ಅಡುಗೆ ಉಪ್ಪನ್ನು ಕೆಲವು ಹನಿ ನೀರಿನಲ್ಲಿ ಕಲಸಿ, ಮಾಪಕದೊಡನೆ ಗಾಳಿಯಾಡದ ಡಬ್ಬಿಯಲ್ಲಿ ಒಂದು ರಾತ್ರಿ ಇಟ್ಟರೆ ಮಾಪಕ ಶೇ. 75 ತೋರಿಸಬೇಕು. ವ್ಯತ್ಯಾಸವಿದ್ದರೆ ಅಷ್ಟನ್ನು ಕೂಡಿಸಿ ಅಥವಾ ಕಳೆದು ಓದಲಾಗುತ್ತದೆ.

ಕರ್ನಾಟಕದ ಸನ್ನಿವೇಶ

ಭಾರತದಲ್ಲಿ ಬಂದೂಕು ಹೊಂದುವುದು 1959ರ ಶಸ್ತ್ರಾಸ್ತ್ರ ಅಧಿನಿಯಮ ಮತ್ತು 2016ರ ಶಸ್ತ್ರಾಸ್ತ್ರ ನಿಯಮಗಳಿಗೆ ಒಳಪಟ್ಟಿದೆ. 2019ರ ತಿದ್ದುಪಡಿಯ ನಂತರ ಒಬ್ಬ ಪರವಾನಗಿದಾರ ಸಾಮಾನ್ಯವಾಗಿ ಎರಡಕ್ಕಿಂತ ಹೆಚ್ಚು ಬಂದೂಕುಗಳನ್ನು ಇಟ್ಟುಕೊಳ್ಳುವಂತಿಲ್ಲ. ಹೊಸದನ್ನು ಕೊಳ್ಳುವುದು ಸುಲಭವಲ್ಲದ ಕಾರಣ ಇರುವುದನ್ನು ಕೆಡದಂತೆ ಉಳಿಸಿಕೊಳ್ಳುವುದಕ್ಕೆ ಇಲ್ಲಿ ಹೆಚ್ಚಿನ ಬೆಲೆಯಿದೆ.

ಕೋವಿ ಮತ್ತು ತೇವ ಎರಡೂ ಮನೆಮನೆಯ ಸಂಗತಿಯಾಗಿರುವ ಜಿಲ್ಲೆ ಕೊಡಗು. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಬಂದೂಕು ಪರವಾನಗಿಯಿಂದ ವಿನಾಯಿತಿ ಇದೆ; ಕೇಂದ್ರ ಸರ್ಕಾರ 2019ರಲ್ಲಿ ಇದನ್ನು 2029ರವರೆಗೆ ಮುಂದುವರಿಸಿತು. ಮಡಿಕೇರಿಯಲ್ಲಿ ವರ್ಷಕ್ಕೆ ಸುಮಾರು 3000 ಮಿ.ಮೀ.ಗೂ ಹೆಚ್ಚು ಮಳೆಯಾಗುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ನಡುವೆ. ನಾಟಿಯ ಕಾಲದಲ್ಲಿ ಆಯುಧಗಳನ್ನು ಮನೆಯ ಕನ್ನಿಕೊಂಬರೆಯಲ್ಲಿ ಇರಿಸಿ, ಕೈಲ್ ಪೊಳ್ದ್ ಹಬ್ಬದಂದು ಹೊರತೆಗೆದು, ಶುಚಿಗೊಳಿಸಿ, ತೋಕ್ ಪೂವಿನಿಂದ ಅಲಂಕರಿಸಿ ಪೂಜಿಸುವುದು ವಾಡಿಕೆ. ಸೆಪ್ಟೆಂಬರ್ ಆರಂಭದಲ್ಲಿ ಬರುವ ಈ ಹಬ್ಬ ಧಾರ್ಮಿಕವಾದುದು. ಆದರೆ ಜಡಿಮಳೆಯ ತಿಂಗಳುಗಳ ಕೊನೆಯಲ್ಲಿ ಪ್ರತಿಯೊಂದು ಕೋವಿಯನ್ನೂ ಕೈಗೆತ್ತಿಕೊಂಡು ಒರೆಸುವ ಈ ಕ್ರಮದಿಂದ ತುಕ್ಕಿನ ತಪಾಸಣೆಯೂ ತಾನಾಗಿ ನಡೆದುಹೋಗುತ್ತದೆ. ಇಂತಹ ಹವೆಯಲ್ಲಿ ಪೆಟ್ಟಿಗೆಯನ್ನು ಹೊರಗೋಡೆಗೆ ಅಥವಾ ಬಚ್ಚಲುಮನೆಯ ಗೋಡೆಗೆ ತಾಗಿಸದೆ, ನೆಲದಿಂದ ಮರದ ಪಟ್ಟಿಗಳ ಮೇಲೆ ಎತ್ತರಿಸಿ, ಬಿಸಿಕಡ್ಡಿ ಮತ್ತು ಶೋಷಕ ಎರಡನ್ನೂ ಬಳಸಬೇಕಾಗುತ್ತದೆ.

ಬಯಲುಸೀಮೆಯ ಸ್ಥಿತಿ ಇದಕ್ಕೆ ತೀರ ಭಿನ್ನ. ತುಬಚಿ ಗ್ರಾಮವಿರುವ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಭಾಗದಲ್ಲಿ ವಾರ್ಷಿಕ ಮಳೆ ಸುಮಾರು 500–600 ಮಿ.ಮೀ. ಮಾತ್ರ. ಆಯುಧದ ಕಾನೂನಿನ ಇತಿಹಾಸದಲ್ಲಿ ಈ ಭಾಗ ಕೊಡಗಿಗೆ ತದ್ವಿರುದ್ಧವಾಗಿ ನಿಲ್ಲುತ್ತದೆ: 1857ರ ನಿಶ್ಶಸ್ತ್ರೀಕರಣದ ಆಜ್ಞೆಯನ್ನು ಧಿಕ್ಕರಿಸಿ ದಂಗೆಯೆದ್ದ ಹಲಗಲಿಯ ಬೇಡರು ಮುಧೋಳ ಸೀಮೆಯವರು. ಇಲ್ಲಿ ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಅತಿಯಾಗಿ ಒಣಗುವುದೇ ತೊಂದರೆ. ಆರ್ದ್ರತೆ ಬಹುಕಾಲ ಶೇ. 30ಕ್ಕಿಂತ ಕೆಳಗಿದ್ದರೆ ಮರದ ಹಿಡಿ ಕುಗ್ಗಿ, ತಿರುಪುಗಳು ಸಡಿಲಗೊಂಡು, ಬಿರುಕು ಬಿಡುತ್ತದೆ. ಕೊಡಗಿಗೆ ಹೇಳಿದ ಬಿಸಿಕಡ್ಡಿಯನ್ನು ಇಲ್ಲಿ ವರ್ಷವಿಡೀ ಉರಿಸಿದರೆ ಹಾನಿಯೇ ಹೆಚ್ಚು. ಬೇಸಿಗೆಯಲ್ಲಿ ಶೋಷಕವನ್ನು ಹೊರತೆಗೆದು, ಮಳೆಗಾಲದಲ್ಲಿ ಮಾಪಕ ನೋಡಿ ಮರಳಿ ಇಡುವುದು ಇಲ್ಲಿಗೆ ಸಾಕು.

ಈ ಭಾಗದಲ್ಲಿ ದೊಡ್ಡ ಅಪಾಯ ಬರುವುದು ನದಿಯಿಂದ. 2019ರ ಆಗಸ್ಟ್‌ನಲ್ಲಿ ಕೃಷ್ಣಾ ನದಿ ಉಕ್ಕಿದಾಗ ಜಮಖಂಡಿ ತಾಲ್ಲೂಕಿನ ಹಲವು ತೀರಗ್ರಾಮಗಳಿಗೆ ನೀರು ನುಗ್ಗಿತ್ತು. ಸಾಮಾನ್ಯ ಕಪಾಟುಗಳು ಜಲನಿರೋಧಕವಲ್ಲ. ಪ್ರವಾಹದಲ್ಲಿ ಮುಳುಗಿದ ಬಂದೂಕಿನ ನಳಿಗೆಯಲ್ಲಿ ಕೆಸರು ತುಂಬಿರುವುದರಿಂದ ಅದನ್ನು ಪರೀಕ್ಷೆಗಾಗಿಯೂ ಹಾರಿಸುವಂತಿಲ್ಲ. ಖಾಲಿಯಿದೆಯೆಂದು ಖಚಿತಪಡಿಸಿಕೊಂಡು ಶುದ್ಧ ನೀರಿನಲ್ಲಿ ತೊಳೆದು, ಒಣಗಿಸಿ, ಎಣ್ಣೆ ಸವರಿ, ಪರವಾನಗಿ ಪಡೆದ ದುರಸ್ತಿಗಾರನಿಂದ ಬಿಚ್ಚಿಸಿ ನೋಡಿಸಬೇಕು. ನೆನೆದ ತೋಟಾಗಳನ್ನು ಒಣಗಿಸಿ ಬಳಸದೆ ಪರವಾನಗಿ ಪಡೆದ ವ್ಯಾಪಾರಿಗೆ ಅಥವಾ ಪೊಲೀಸರಿಗೆ ಒಪ್ಪಿಸಲಾಗುತ್ತದೆ.

ಚುನಾವಣೆಯ ಸಮಯದಲ್ಲಿ ಪರವಾನಗಿ ಬಂದೂಕುಗಳನ್ನು ಠಾಣೆಯಲ್ಲಿ ಠೇವಣಿ ಇಡುವಂತೆ ಆದೇಶವಾಗುವುದುಂಟು. ಆಗ ಬಂದೂಕು ಹಲವು ವಾರ ಮಾಲೀಕನ ಕೈಗೆ ಸಿಗುವುದಿಲ್ಲ. ಒಪ್ಪಿಸುವ ಮುನ್ನ ಒಳಹೊರಗೆ ಎಣ್ಣೆಯ ಲೇಪ ಕೊಟ್ಟು, ಮರಳಿ ತಂದ ದಿನವೇ ಒರೆಸಿ ನಳಿಗೆಯನ್ನು ಬೆಳಕಿಗೆ ಹಿಡಿದು ನೋಡಿ, ನಂತರ ಪೆಟ್ಟಿಗೆಯಲ್ಲಿಡುವುದು ರೂಢಿಯಲ್ಲಿದೆ.