ಪೊರಕೆ ಹಿಡಿದವರು, ಹಿಡಿಸಿಕೊಂಡವರು

1901ರ ಡಿಸೆಂಬರ್. ಕಲ್ಕತ್ತೆಯ ಕಾಂಗ್ರೆಸ್ ಅಧಿವೇಶನದಲ್ಲಿ ಶೌಚಾಲಯಗಳು ಗಬ್ಬುನಾರುತ್ತಿದ್ದವು. ಸ್ವಯಂಸೇವಕರಿಗೆ ತೋರಿಸಿದರೆ, ಅದು ಜಾಡಮಾಲಿಯ ಕೆಲಸವೆಂದು ಮುಖ ತಿರುಗಿಸಿದರು. ದಕ್ಷಿಣ ಆಫ್ರಿಕಾದಿಂದ ಬಂದಿದ್ದ ವಕೀಲ ಮೋಹನದಾಸ ಗಾಂಧಿ ಪೊರಕೆ ಕೇಳಿ ಪಡೆದು ತಾವೇ ಗುಡಿಸಿದರು. ಅಲ್ಲಿಯೇ ಘೋಷಾಲ್ ಎಂಬ ಹಿರಿಯ ಕಾರ್ಯಕರ್ತರಿಗೆ ಗುಮಾಸ್ತರಾಗಿ ಪತ್ರ ಬರೆದುಕೊಟ್ಟರು, ಅಂಗಿಯ ಗುಂಡಿಯನ್ನೂ ಹಾಕಿದರು. ಆತ್ಮಕಥೆಯಲ್ಲಿ ಇದನ್ನೆಲ್ಲ ಖುಷಿಯಿಂದಲೇ ನೆನೆದಿದ್ದಾರೆ.

1924ರಲ್ಲಿ ಅದೇ ಗಾಂಧಿ ಬೆಳಗಾವಿ ಅಧಿವೇಶನದ ಅಧ್ಯಕ್ಷರು. ಕಾಂಗ್ರೆಸ್ಸಿನ ಅಧ್ಯಕ್ಷ ಪೀಠದಲ್ಲಿ ಅವರು ಕೂತದ್ದು ಅದೊಂದೇ ಸಲ. ಅಷ್ಟರಲ್ಲಿ ಡಾ. ನಾ. ಸು. ಹರ್ಡೀಕರರು ಹಿಂದೂಸ್ತಾನಿ ಸೇವಾದಳ ಎಂಬ ಸ್ವಯಂಸೇವಕರ ಪಡೆ ಕಟ್ಟಿದ್ದರು. ಸೇವೆಗೂ ಕವಾಯತು, ತರಬೇತಿ ಬಂದಿತ್ತು.

ಆ ಅಧಿವೇಶನದಲ್ಲಿ ಹಾಡಿದ ಹನ್ನೊಂದರ ಹುಡುಗಿಯೊಬ್ಬಳ ಎದೆಯಲ್ಲಿ ಮಾತ್ರ ಬೇರೆಯೇ ಅಳುಕು. ಹಾಡು ಮುಗಿದ ಮೇಲೆ ಎಂಜಲೆಲೆ ಎತ್ತಲು ಹೇಳಿಬಿಟ್ಟರೆ? ಜಾತಿಯ ಕಾರಣಕ್ಕೆ ಹುಟ್ಟಿದ ಆ ಭಯವನ್ನು ಮುಂದೆ ಪ್ರಸಿದ್ಧ ಗಾಯಕಿಯಾದ ಆಕೆ, ಗಂಗೂಬಾಯಿ ಹಾನಗಲ್, ಹೇಳಿಕೊಂಡಿದ್ದಾರೆ. ಸೇವೆಯೇ ನಾಯಕತ್ವ ಎನ್ನುವ ವಿಚಾರದ ಇತಿಹಾಸ ಬರೆಯುವವರು ಈ ಹುಡುಗಿಯನ್ನು ದಾಟಿ ಹೋಗುವಂತಿಲ್ಲ. ಗಾಂಧಿಗೆ ಪೊರಕೆ ಆಯ್ಕೆ; ಎಷ್ಟೋ ಜನರಿಗೆ ಅದು ಹಣೆಬರಹವೆಂದು ಹೇರಿದ್ದು.

ಈ ವಿಚಾರಕ್ಕೊಂದು ಶಾಸ್ತ್ರದ ಹೆಸರು ಸಿಕ್ಕಿದ್ದು ಅಮೆರಿಕದಲ್ಲಿ. ದೂರವಾಣಿ ಕಂಪನಿ ಎ.ಟಿ. ಅಂಡ್ ಟಿ.ಯಲ್ಲಿ ಸುಮಾರು ನಾಲ್ಕು ದಶಕ ದುಡಿದು 1964ರಲ್ಲಿ ನಿವೃತ್ತರಾದ ರಾಬರ್ಟ್ ಗ್ರೀನ್‌ಲೀಫ್, 1970ರಲ್ಲಿ ‘ಸರ್ವೆಂಟ್ ಲೀಡರ್’, ಅಂದರೆ ಸೇವಕ-ನಾಯಕ, ಎಂಬ ಪದ ಚಲಾವಣೆಗೆ ತಂದರು. ಹೊಳಹು ಸಿಕ್ಕಿದ್ದು ಹರ್ಮನ್ ಹೆಸ್‌ನ ಕಾದಂಬರಿಯಿಂದ. ಅದರಲ್ಲಿ ಲಿಯೋ ಎಂಬ ಆಳು ಕಾಣೆಯಾದೊಡನೆ ಯಾತ್ರಿಕರ ತಂಡ ಚೆಲ್ಲಾಪಿಲ್ಲಿಯಾಗುತ್ತದೆ. ಆ ಯಾತ್ರೆ ನಡೆಸಿದ ಪಂಥದ ಮುಖ್ಯಸ್ಥ ಅವನೇ ಎಂದು ಎಷ್ಟೋ ಕಾಲದ ಮೇಲೆ ತಿಳಿಯುತ್ತದೆ. ಗ್ರೀನ್‌ಲೀಫ್ ಇಟ್ಟ ಒರೆಗಲ್ಲು ಕಠಿಣವಾದದ್ದು: ಸೇವೆ ಪಡೆದವರು ಬೆಳೆದರೇ? ಹೆಚ್ಚು ಸ್ವತಂತ್ರರಾದರೇ? ಎಲ್ಲರಿಗಿಂತ ಕೆಳಗಿದ್ದವರ ಗತಿ ಏನಾಯಿತು?

ಆಮೇಲೆ ಪಂಡಿತರ ಕಾಲ. 1990ರ ದಶಕದಲ್ಲಿ ಲ್ಯಾರಿ ಸ್ಪಿಯರ್ಸ್ ಅಂಥ ನಾಯಕರ ಹತ್ತು ಗುಣಗಳನ್ನು ಪಟ್ಟಿ ಮಾಡಿದರು, ಮೊದಲನೆಯದು ಕಿವಿಗೊಡುವುದು. 2008ರಲ್ಲಿ ರಾಬರ್ಟ್ ಲಿಡೆನ್ ತಂಡ 28 ಪ್ರಶ್ನೆಗಳ ಅಳತೆಗೋಲು ರೂಪಿಸಿತು. ಅದೇ ಲಿಡೆನ್ ಮತ್ತು ಸಂಗಡಿಗರು 2014ರಲ್ಲಿ 71 ರೆಸ್ಟೋರೆಂಟ್‌ಗಳ ನೌಕರರನ್ನು ಅಧ್ಯಯನ ಮಾಡಿದರು. ಮ್ಯಾನೇಜರ್ ನೌಕರರ ಕಷ್ಟಸುಖ ವಿಚಾರಿಸುವ ಕಡೆ ಆ ಗುಣ ಇಡೀ ಅಂಗಡಿಗೆ ಹಬ್ಬುತ್ತದೆ, ವ್ಯವಹಾರವೂ ಸುಧಾರಿಸುತ್ತದೆ ಎಂಬುದು ಅವರು ಕಂಡದ್ದು. ನಮ್ಮ ದರ್ಶಿನಿಗಳಲ್ಲಿ ಗಿರಾಕಿ ಹೆಚ್ಚಾದಾಗ ಗಲ್ಲಾಪೆಟ್ಟಿಗೆ ಬಿಟ್ಟೆದ್ದು ಕಾಫಿ ಕೊಡುವ ಮಾಲೀಕರಿಗೆ ಇದು ಹೊಸ ಸುದ್ದಿಯೇನಲ್ಲ.

ತಕರಾರೂ ಎದ್ದಿತು. 2005ರಲ್ಲಿ ಡೆಬೊರಾ ಐಕರ್-ಕ್ಯಾಟ್ ಎಂಬ ವಿದ್ವಾಂಸೆ, ‘ಸೇವಕ’, ‘ನಾಯಕ’ ಎಂಬ ಮಾತುಗಳೇ ಲಿಂಗಭೇದದ ಭಾರ ಹೊತ್ತಿವೆ ಎಂದು ವಾದಿಸಿದರು. ಬೆಳಗಾವಿಯಲ್ಲಿ ಹಾಡಿದ ಹುಡುಗಿಯ ಅಳುಕಿಗೆ ಇದು ದೂರದ ಸಂಬಂಧಿ.

ಗ್ರೀನ್‌ಲೀಫ್‌ನ ಒರೆಗಲ್ಲನ್ನು ಕರ್ನಾಟಕದಲ್ಲಿ ಹಚ್ಚಿ ನೋಡಬೇಕೆಂದರೆ ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗಬೇಕು. ಅಲ್ಲಿನ ಸೋಲಿಗ ಬುಡಕಟ್ಟಿನವರಿಗೆ ಔಷಧಿ ಕೊಡಲೆಂದು ಬಂದ ಡಾ. ಎಚ್. ಸುದರ್ಶನ್ 1981ರಲ್ಲಿ ಅಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಆರಂಭಿಸಿದರು. ಚಿಕಿತ್ಸೆಯ ಜೊತೆಗೆ ಶಾಲೆ ಬಂತು, ಸೋಲಿಗರ ಸಂಘಟನೆ ಬೆಳೆಯಿತು, ಸೋಲಿಗರ ಮಕ್ಕಳೇ ಓದಿ ಮುಂದೆ ಬಂದರು. 1994ರಲ್ಲಿ ಸುದರ್ಶನ್ ಅವರಿಗೆ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು. 2011ರಲ್ಲಿ ಅದೇ ಕಾಡಿನ ಸೋಲಿಗರು ಹುಲಿ ಸಂರಕ್ಷಿತ ಪ್ರದೇಶದೊಳಗೇ ಸಮುದಾಯ ಅರಣ್ಯ ಹಕ್ಕು ಪಡೆದರು. ಆ ಹಕ್ಕುಪತ್ರಗಳು ಬಂದದ್ದು ಅವರ ಗ್ರಾಮಸಭೆಗಳ ಹೆಸರಿಗೆ.